ಬೆಟ್ಟದ ಪಾಲಿನ ಸೀಟು

ತೆರೆಕ್-ಬುಲಾಕ್
ಮೇ 30, 2004

ಅಕ್ಕನವರಿಗೆ ಕನಿಶಾಯ್‌ಳ ಸಲಾಂ.

ನಾವಿಲ್ಲಿ ಕ್ಷೇಮ. ಅತ್ತೆಗೆ ಮಂಡಿನೋವೊಂದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ನಿಮ್ಮ ಮೈದುನ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದರು, ಇನ್ನು ಹಿಮ ಬೀಳುವ ತನಕ ಕೆಳಗಿಳಿಯುವುದಿಲ್ಲ. ಇಲ್ಲೇ ಇದ್ದಿದ್ದರೂ ಅಣ್ಣ ಅತ್ತಿಗೆಯ ಮುಂದೆ ಬಾಯಿ ಬಿಡುವ ಪೈಕಿ ಅವರಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನಮ್ಮ ಚೋಲ್ಪೋನ್ ಒಂಬತ್ತನೇ ಕ್ಲಾಸು ಮುಗಿಸಿದಳು. ಡಾಕ್ಟರೇ ಆಗಬೇಕೆಂದು ಹಟ ಹಿಡಿದಿದ್ದಾಳೆ. ಇಲ್ಲಿನ ಶಾಲೆಯ ಹಣೆಬರಹ ನಿಮಗೆ ಗೊತ್ತೇ ಇದೆ. ಕೆಮಿಸ್ಟ್ರಿ ಮೇಷ್ಟ್ರು ರಷ್ಯಾಕ್ಕೆ ಹೋಗಿ ಇಟ್ಟಿಗೆ ಹೊರುತ್ತಿದ್ದಾರಂತೆ. ಅವರ ಬದಲಿಗೆ ಆಟದ ಮೇಷ್ಟ್ರು ಬಂದು ಪುಸ್ತಕ ಓದಿಸುತ್ತಾರೆ. ಮಕ್ಕಳು ಏನಾದರೂ ಕೇಳಿದರೆ, "ಸುಮ್ನೆ ಬರ್ಕೊಳ್ರೋ, ನನಗೇನ್ ಗೊತ್ತು?" ಅನ್ನುತ್ತಾರೆ. ಟೆಸ್ಟ್ ಟ್ಯೂಬನ್ನು ಚೋಲ್ಪೋನ್ ಚಿತ್ರದಲ್ಲಿ ನೋಡಿದ್ದಾಳೆ, ಅಷ್ಟೇ.

ನಿಮ್ಮ ಮನೆಯ ಎದುರಿಗಿರುವ ಶಾಲೆ, ಎರ್ಮೆಕ್ ಓದುವ ಶಾಲೆ, ಹತ್ತನೇ ಕ್ಲಾಸಿಗೆ ಪರೀಕ್ಷೆ ಮಾಡಿ ಹೊಸಬರನ್ನು ಸೇರಿಸಿಕೊಳ್ಳುತ್ತದಂತೆ. ಆದರೆ ಆ ಬಡಾವಣೆಯ ವಿಳಾಸ ಇರಬೇಕಂತೆ. ನಿಮ್ಮ ವಿಳಾಸಕ್ಕೆ ಅವಳ ಹೆಸರು ಸೇರಿಸಿಕೊಳ್ಳಿ ಅಕ್ಕಾ. ಅಡುಗೆಮನೆಯಲ್ಲಿ ಮಲಗುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ನೆಲ ಒರೆಸುತ್ತಾಳೆ. ಅವಳಿಂದ ನಿಮಗೆ ಒಂದು ಮಾತೂ ಬರದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ಅರ್ಜಿ ತುಂಬಿ ಕಳಿಸಿದ್ದೇನೆ. 'ಪೋಷಕರು' ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ. ಭಾವನವರ ಹೆಸರನ್ನು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬಾಯಲ್ಲಿ ಹೇಳಿಲ್ಲ, ಈಗ ಕೈಯಲ್ಲಿ ಹೇಗೆ ಬರೆಯಲಿ? ಅದನ್ನು ನೀವೇ ತುಂಬಿಬಿಡಿ. ಗಾಡಿಯ ಮುಕಾಶ್ ಕೈಯಲ್ಲಿ ಬೆಣ್ಣೆ ಕಳಿಸಿದ್ದೇನೆ, ಕುರಿಹೊಟ್ಟೆಯಲ್ಲಿ ತುಂಬಿದ್ದು, ಎರ್ಮೆಕ್‌ಗೆ ಇಷ್ಟ.

ನಿಮ್ಮ
ಕನಿಶಾಯ್


ಬಿಷ್ಕೆಕ್
ಜೂನ್ 21, 2004

ಕನಿಶಾಯ್,

ಕಾಗದ ಸಿಕ್ಕಿತು. ಬೆಣ್ಣೆಯೂ ಸಿಕ್ಕಿತು. ದಾರಿಯ ಬಿಸಿಲಿಗೆ ಕಮಟು ಹಿಡಿದಿತ್ತು, ಎಸೆದೆ. ಇನ್ನು ಮುಂದೆ ಆ ತೊಂದರೆ ತೆಗೆದುಕೊಳ್ಳಬೇಡ.

ಚೋಲ್ಪೋನ್ ಜಾಣೆ ಇರಬಹುದು. ಆದರೆ ಹಳ್ಳಿಯ ಜಾಣತನಕ್ಕೂ ಈ ಶಾಲೆಗೂ ಅಜಗಜಾಂತರ. ಪಾಠವೆಲ್ಲ ರಷ್ಯನ್ ಭಾಷೆಯಲ್ಲಿ. ಮೇಡಂಗಳು ಬಹಳ ಕಟ್ಟುನಿಟ್ಟು. ನಿನ್ನ ಮಗಳು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ನಮ್ಮದೋ ಎರಡೇ ಕೋಣೆಯ ಮನೆ. ಎರ್ಮೆಕ್‌ಗೆ ಪಾಠ ಹೇಳಲು ಮನೆಗೇ ಮೇಷ್ಟ್ರುಗಳು ಬರುತ್ತಾರೆ. ಅವನ ಓದಿಗೆ ಒಂದು ಸೊಳ್ಳೆ ಕೂಡ ಅಡ್ಡ ಬರಬಾರದು.

ನನ್ನ ಮಾತು ಕೇಳು. ನಾರಿನ್ ಪೇಟೆಯಲ್ಲಿ ಹೊಲಿಗೆ ಕಲಿಸುವ ಶಾಲೆ ಇದೆ, ಅಲ್ಲಿಗೆ ಸೇರಿಸು. ಮದುವೆಯಾದ ಮೇಲೂ ಉಪಯೋಗಕ್ಕೆ ಬರುತ್ತದೆ. ಎಲ್ಲರೂ ಡಾಕ್ಟರಾದರೆ ಕುರಿ ಮೇಯಿಸುವವರು ಯಾರು?

ಅರ್ಜಿ ವಾಪಸು ಕಳಿಸಿದ್ದೇನೆ. ನಿನ್ನ ಭಾವನಿಗೆ ತೋರಿಸಲಿಲ್ಲ, ಅವರಿಗೆ ಮೊದಲೇ ರಕ್ತದೊತ್ತಡ.

ಜೂರಕಾನ್


ತೆರೆಕ್-ಬುಲಾಕ್
ಸೆಪ್ಟೆಂಬರ್ 4, 2004

ಅಕ್ಕಾ,

ಚೋಲ್ಪೋನ್ ನಿನ್ನೆ ವಾಪಸು ಬಂದಳು. ನನಗೂ ಹೇಳದೆ ಮುಕಾಶ್ ಗಾಡಿ ಹತ್ತಿ ಬಿಷ್ಕೆಕ್‌ಗೆ ಬಂದು, ಅವನ ತಂಗಿಯ ಮನೆಯಲ್ಲಿದ್ದುಕೊಂಡು, ಆ ಶಾಲೆಯ ಪರೀಕ್ಷೆ ಬರೆದಿದ್ದಾಳೆ. ರಷ್ಯನ್ ಭಾಷೆಯಲ್ಲೇ ಬರೆದಿದ್ದಾಳೆ. ಪಾಸಾಗಿದ್ದಾಳೆ. "ವಿಳಾಸದ ಕಾಗದ ತಗೊಂಡ್ ಬಾಮ್ಮಾ, ಸೀಟು ನಿಂದೇ" ಎಂದು ಕಟ್ಟುನಿಟ್ಟಿನ ಮೇಡಮ್ಮೇ ಹೇಳಿ ಕಳಿಸಿದರಂತೆ.

ಅವಳು ನಿಮ್ಮ ಬಾಗಿಲು ತಟ್ಟಿದಳು. ನೀವು ಬಾಗಿಲ ಸರಪಳಿಯನ್ನೂ ತೆಗೆಯದೆ, "ಯಾಕೆ ಬಂದೆ? ಬರೋಕ್ ಮುಂಚೆ ಹೇಳ್ಬೇಕು ಅನ್ನೋ ಬುದ್ಧಿ ಇಲ್ವಾ?" ಅಂದಿರಂತೆ. ಅವಳು ಅರ್ಜಿ ತೋರಿಸಿದ್ದಕ್ಕೆ, "ಎಷ್ಟ್ ಸಲ ಹೇಳ್ಬೇಕು ನಿಮ್ಮಮ್ಮನಿಗೆ?" ಅಂದು ಬಾಗಿಲು ಹಾಕಿದಿರಂತೆ. ವಿಳಾಸ ಕೊಡದಿದ್ದರೆ ಹಾಳಾಗಿಹೋಗಲಿ. ರೊಟ್ಟಿ ಅಕ್ಕಾ! ಒಂದು ಚೂರು ರೊಟ್ಟಿ ಮುರಿಸಲಿಲ್ಲ ನೀವು. ನಮ್ಮಲ್ಲಿ ಜಗಳಕ್ಕೆ ಬಂದವರನ್ನೂ ರೊಟ್ಟಿ ಮುರಿಸದೆ ಕಳಿಸುವುದಿಲ್ಲ. ಸ್ವಂತ ಮೈದುನನ ಮಗಳನ್ನು ಹಸಿದ ಹೊಟ್ಟೆಯಲ್ಲಿ ಮೆಟ್ಟಿಲಿಳಿಸಿದಿರಿ.

ಹುಡುಗಿ ಅಳಲಿಲ್ಲ. ಬಂದವಳೇ ನೀರು ತರಲು ಹೋದಳು. ಅತ್ತುಬಿಟ್ಟಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಕನಿಶಾಯ್


ಬಿಷ್ಕೆಕ್
ಆಗಸ್ಟ್ 2, 2005

ನನ್ನ ಪ್ರೀತಿಯ ಕನಿಶಾಯ್,

ನಿನ್ನ ಕಾಗದ ಬಂದು ವರ್ಷದ ಹತ್ತಿರ ಆಯಿತು. ಕೋಪದಲ್ಲಿ ಬರೆದಿದ್ದೆ, ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಾವು ಓರಗಿತ್ತಿಯರು, ಒಂದೇ ಮನೆಯ ಹೊಸ್ತಿಲು ದಾಟಿ ಬಂದವರು. ಚೋಲ್ಪೋನ್‌ಗೆ ಒಂದು ಕೋಟು, ಮನೆಗೆಲ್ಲ ಚಾಕಲೇಟು ಕಳಿಸಿದ್ದೇನೆ. ಕೋಟು ಹೊಸದೇ, ಎರಡು ಸಲ ಹಾಕಿದ್ದೇನಷ್ಟೇ.

ಒಂದು ಚಿಕ್ಕ ವಿಷಯ. ಎರ್ಮೆಕ್ ಈ ವರ್ಷ ಹನ್ನೊಂದನೇ ಕ್ಲಾಸು. ಅವನನ್ನು ಮೆಡಿಕಲ್‌ಗೆ ಸೇರಿಸಬೇಕು. ಇಲ್ಲಿ ಮಕ್ಕಳ ನೂಕುನುಗ್ಗಲು ಹೇಳತೀರದು, ಒಂದೊಂದು ಅಂಕಕ್ಕೂ ಬಡಿದಾಟ. ಆದರೆ ಎತ್ತರದ ಬೆಟ್ಟದ ಶಾಲೆಗಳ ಮಕ್ಕಳಿಗೆ ಬೇರೆಯೇ ಸೀಟು ಇಟ್ಟಿದ್ದಾರಲ್ಲ. ಅವರ ಸ್ಪರ್ಧೆ ಅವರವರಲ್ಲೇ. ಹನ್ನೊಂದನೇ ಕ್ಲಾಸನ್ನು ಎಲ್ಲಿ ಮುಗಿಸುತ್ತಾರೋ ಆ ಲೆಕ್ಕಕ್ಕೆ ಹಾಕುತ್ತಾರೆ. ಎರ್ಮೆಕ್‌ನ ಹೆಸರು ನಿಮ್ಮ ಶಾಲೆಯಲ್ಲಿದ್ದರೆ ಸಾಕು. ಹೆಡ್‌ಮಾಸ್ಟರು ಹೇಗೂ ನಮ್ಮ ಬಳಗದವರೇ, ಇಲ್ಲ ಅನ್ನುವುದಿಲ್ಲ. ಆದರೆ ಊರಿನ ವಿಳಾಸ ಬೇಕಂತೆ. ನಿಮ್ಮ ಮನೆಯ ವಿಳಾಸಕ್ಕೆ ಅವನ ಹೆಸರು ಸೇರಿಸಿಕೋ. ಅವನು ಅಲ್ಲಿಗೆ ಬಂದು ನಿಮಗೆ ತೊಂದರೆ ಕೊಡುವುದಿಲ್ಲ, ಇಲ್ಲೇ ಇದ್ದು ಓದುತ್ತಾನೆ.

ಎಷ್ಟಾದರೂ ನೀನು ಎತ್ತಿ ಆಡಿಸಿದ ಮಗು.

ನಿನ್ನ ಅಕ್ಕ
ಜೂರಕಾನ್


ತೆರೆಕ್-ಬುಲಾಕ್
ಆಗಸ್ಟ್ 9, 2005

ಅಕ್ಕಾ,

ಕಾಗದ ಸಿಕ್ಕಿತು. ಚಾಕಲೇಟೂ ಸಿಕ್ಕಿತು. ಬಿಸಿಲಿಗೆ ಕರಗಿತ್ತು, ನಾಯಿಗೆ ಹಾಕಿದೆ. ಇನ್ನು ಮುಂದೆ ಆ ತೊಂದರೆ ತೆಗೆದುಕೊಳ್ಳಬೇಡಿ.

ಎರ್ಮೆಕ್ ಜಾಣ ಇರಬಹುದು. ಆದರೆ ನಗರದ ಜಾಣತನಕ್ಕೂ ಈ ಶಾಲೆಗೂ ಅಜಗಜಾಂತರ. ಪಾಠವೆಲ್ಲ ನಮ್ಮ ಕಿರ್ಗಿಜ್ ಭಾಷೆಯಲ್ಲಿ. ಅವನು ಅಜ್ಜಿಗೆ ಫೋನು ಮಾಡಿದರೆ ನಾಲ್ಕು ಮಾತಿಗೆ ಮೂರು ರಷ್ಯನ್. ಆಟದ ಮೇಷ್ಟ್ರು ಬಹಳ ಕಟ್ಟುನಿಟ್ಟು. ನಮ್ಮ ಮನೆಯೂ ಚಿಕ್ಕದು, ತಾಯಿಯಿಲ್ಲದ ಎರಡು ಕುರಿಮರಿಗಳೂ ಒಳಗೇ ಇವೆ, ಅವುಗಳ ನಿದ್ದೆಗೆ ಅಡ್ಡಿಯಾಗಬಾರದು ನೋಡಿ. ಬಿಷ್ಕೆಕ್‌ನಲ್ಲಿ ಹೊಲಿಗೆ ಶಾಲೆ ಇಲ್ಲವೇ? ಎಲ್ಲರೂ ಡಾಕ್ಟರಾದರೆ ನಿಮ್ಮ ಬೀದಿಯ ಕಸ ಗುಡಿಸುವವರು ಯಾರು?

ಮೆಡಿಕಲ್‌ನ ಬೆಟ್ಟದ ಸೀಟಿನ ಮೇಲೆ ಚೋಲ್ಪೋನ್ ಕಣ್ಣಿಟ್ಟಿದ್ದಾಳೆ. ಅದೊಂದನ್ನಾದರೂ ಬಿಟ್ಟುಬಿಡಿ. ಕೋಟನ್ನು ಮುಕಾಶ್ ಕೈಯಲ್ಲಿ ವಾಪಸು ಕಳಿಸಿದ್ದೇನೆ.

ಕನಿಶಾಯ್


ಬಿಷ್ಕೆಕ್
ಆಗಸ್ಟ್ 15, 2005

ಕನಿಶಾಯ್,

ಕೊಬ್ಬು ಹೆಚ್ಚಾಗಿದೆ ನಿನಗೆ. ಆ ಮನೆ ನಿನ್ನದಲ್ಲ, ಅತ್ತೆಯದು. ನಿನ್ನ ಭಾವ ನಿನ್ನೆಯೇ ಅತ್ತೆಗೆ ಫೋನು ಮಾಡಿದ್ದಾರೆ. ಎರ್ಮೆಕ್ ನನಗಿಂತ ಮೊದಲು ಅತ್ತೆಯ ಮಗ. ಚೊಚ್ಚಲ ಮೊಮ್ಮಗ ಅಜ್ಜ ಅಜ್ಜಿಯ ಪಾಲು ಎಂದು ಹೇಳಿ, ನಲವತ್ತು ದಿನ ತುಂಬುತ್ತಲೇ ನನ್ನ ಮಡಿಲಿನಿಂದ ಎತ್ತಿಕೊಂಡವರು ಅವರು. ಕೊಡುವುದಿಲ್ಲ ಅನ್ನುವ ಹಾಗಿತ್ತೇ ನಾನು? ನನ್ನ ಎದೆಹಾಲು ಬತ್ತಲು ಬಟ್ಟೆ ಬಿಗಿದು ಕಟ್ಟಿಕೊಂಡು ಬಿಷ್ಕೆಕ್ ಬಸ್ಸು ಹತ್ತಿದೆ.

ವರ್ಷಕ್ಕೊಮ್ಮೆ ಬರುತ್ತಿದ್ದೆ. ಅವನು ಅತ್ತೆಯನ್ನು ಅಮ್ಮ ಎಂದು ಕರೆಯುತ್ತಿದ್ದ, ನನ್ನನ್ನು 'ಅತ್ತಿಗೆ' ಅನ್ನುತ್ತಿದ್ದ. ಅವನು ಮೊದಲ ಸಲ ಹಾಗೆ ಕರೆದಾಗ ನೀನು ಒಲೆಯ ಹತ್ತಿರ ನಿಂತು ನಕ್ಕೆ. ನಾನು ಮರೆತಿದ್ದೇನೆ ಅಂದುಕೊಂಡಿದ್ದೀಯಾ? ನಿನ್ನ ಮಗಳು ಬಾಗಿಲಲ್ಲಿ ನಿಂತಾಗ ನನಗೆ ಕಂಡಿದ್ದು ನಿನ್ನ ಆ ಹಲ್ಲು.

ಸ್ಕೂಲಿಗೆ ಸೇರಿಸುವ ನೆಪದಲ್ಲಿ ಅವನನ್ನು ಕಿತ್ತುಕೊಂಡು ಬಂದೆ. ಇವತ್ತು ಅದೇ ಪದ್ಧತಿಯಿಂದ ಅವನಿಗೆ ಒಳ್ಳೆಯದಾಗಲಿ. ಅತ್ತೆ ರುಜು ಹಾಕುತ್ತಾರೆ. ನೀನು ಚಹಾ ಬಗ್ಗಿಸಿಕೊಂಡು ಸುಮ್ಮನಿರು.

ಜೂರಕಾನ್


ತೆರೆಕ್-ಬುಲಾಕ್
ಆಗಸ್ಟ್ 19, 2005

ಅಕ್ಕಾ,

ಚಹಾ ಬಗ್ಗಿಸಿಕೊಂಡು ಸುಮ್ಮನೆಯೇ ಇದ್ದೆ. ಮಾತಾಡಿದ್ದೆಲ್ಲ ಅತ್ತೆಯೇ. ಹೆಡ್‌ಮಾಸ್ಟರು, ಪಂಚಾಯ್ತಿಯವರು ಎಲ್ಲರೂ ಕೂತಿದ್ದರು. ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅವ್ನು ನನ್ ಮಗ, ಈ ಮನೆ ಅವನ್ದೇ. ರುಜು ಹಾಕ್ತೀನಿ. ಆದ್ರೆ ಕಾಗದದ ಮಗ ನನಗ್ ಬೇಡ. ಬಂದು ನನ್ ಪಕ್ದಲ್ಲೇ ಮಲಗ್ಲಿ, ಇಲ್ಲೇ ಓದ್ಲಿ. ಮಗನ್ನ ಕೊಟ್ಟೋಳ ಮಡಿಲು ಖಾಲಿ ಇರ್ಬಾರ್ದು, ನಮ್ ಹುಡುಗೀನ ಅವಳಿಗೆ ಕೊಡ್ತೀನಿ. ಇವ್ಳು ಅಲ್ಲಿ ಓದ್ಲಿ. ಒಪ್ಪಿದ್ರೆ ಎರಡೂ, ಇಲ್ದಿದ್ರೆ ಎರಡೂ ಇಲ್ಲ."

ಈಗೇನು ಹೇಳುತ್ತೀರಿ ಅಕ್ಕಾ? ಮನೆ ಎರಡೇ ಕೋಣೆಯದು ಎಂದು ಅತ್ತೆಗೆ ಹೇಳಿ ನೋಡೋಣ. ಹತ್ತನೇ ಕ್ಲಾಸಿಗೆ ಸಿಗದ ಶಾಲೆ ಹನ್ನೊಂದಕ್ಕೆ ಸಿಗುತ್ತದೆ ನನ್ನ ಮಗಳಿಗೆ. ಒಂದು ವರ್ಷವಾದರೂ ನಿಜವಾದ ಮೇಷ್ಟ್ರು, ನಿಜವಾದ ಟೆಸ್ಟ್ ಟ್ಯೂಬು. ಹಳೆಯ ಅರ್ಜಿಯನ್ನೇ ಕಳಿಸುತ್ತಿದ್ದೇನೆ. ಭಾವನವರ ಹೆಸರಿನ ಜಾಗ ಇನ್ನೂ ಖಾಲಿಯೇ ಇದೆ.

ಕನಿಶಾಯ್


ಬಿಷ್ಕೆಕ್
ಆಗಸ್ಟ್ 22, 2005

ಕನಿಶಾಯ್,

ಆಗಲಿ. ಕಳಿಸು. ಶಾಲೆಯಲ್ಲಿ ನಾನೇ ಮಾತಾಡಿದ್ದೇನೆ. ಒಂದೇ ಮಾತು, ಅಲ್ಲಿ ಅವಳ ಹೆಸರನ್ನು ಪೂರ್ತಿ ತೆಗೆಸಿ ಕಳಿಸು, ಅರ್ಧಂಬರ್ಧ ಬೇಡ.

ಜೂರಕಾನ್


ತೆರೆಕ್-ಬುಲಾಕ್
ಜನವರಿ 14, 2006

ಅಕ್ಕಾ,

ನೀವು ಅಷ್ಟು ಬೇಗ ಒಪ್ಪಿಕೊಂಡಾಗ ನನಗೆ ಆಶ್ಚರ್ಯವೇ ಆಗಿತ್ತು. ಅತ್ತೆಗೆ ಹೆದರಿದಿರಿ ಎಂದು ಖುಷಿಪಟ್ಟೆ. ಅದಿರಲಿ, ಎರ್ಮೆಕ್ ಎಲ್ಲಿ?

ಶಾಲೆ ಶುರುವಾಗುವಾಗ ಬರುತ್ತಾನೆ ಅಂದಿರಿ. ಆಮೇಲೆ ಹಿಮ ಬೀಳುವ ಮೊದಲು ಅಂದಿರಿ. ಈಗ ಡೋಲೋನ್ ಕಣಿವೆಯ ದಾರಿ ಮುಚ್ಚಿದೆ ಅನ್ನುತ್ತೀರಿ. ಮುಕಾಶ್ ಮೊನ್ನೆಯೂ ಅದೇ ದಾರಿಯಲ್ಲಿ ಬಂದ. ಶಾಲೆಯಲ್ಲಿ ಹಾಜರಿ ಕೂಗಿದಾಗ ಎರ್ಮೆಕ್‌ನ ಹೆಸರಿಗೆ ಮಕ್ಕಳೆಲ್ಲ ಒಟ್ಟಾಗಿ "ಬಂದವ್ನೆ ಸಾರ್!" ಎಂದು ಕೂಗಿ ನಗುತ್ತಾರಂತೆ. ಅತ್ತೆ ನಗುವುದಿಲ್ಲ. ಒಲೆಯ ಪಕ್ಕದಲ್ಲಿ ಅವನ ಹಾಸಿಗೆ ಹಾಸಿಯೇ ಇದೆ. ಗಾಡಿಯ ಸದ್ದು ಕೇಳಿದರೆ ಕೋಲು ಹಿಡಿದು ಬಾಗಿಲಿಗೆ ಹೋಗುತ್ತಾರೆ. ಮಾತು ತಪ್ಪಿದವರು ನೀವು, ಅವರ ಮುಖ ನೋಡಬೇಕಾಗಿರುವುದು ನಾನು.

ಚೋಲ್ಪೋನ್ ಚೆನ್ನಾಗಿದ್ದೇನೆ ಎಂದು ಬರೆಯುತ್ತಾಳೆ. ಬೇರೇನೂ ಬರೆಯುವುದಿಲ್ಲ. ಅವಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ?

ಕನಿಶಾಯ್


ಬಿಷ್ಕೆಕ್
ಫೆಬ್ರವರಿ 3, 2006

ಕನಿಶಾಯ್,

ಎರ್ಮೆಕ್‌ಗೆ ಪರೀಕ್ಷೆ ಹತ್ತಿರ ಬಂತು, ಮುದುಕಿಯ ಪಕ್ಕದಲ್ಲಿ ಮಲಗಲು ಅವನಿಗೆ ಪುರುಸೊತ್ತಿಲ್ಲ.

ನಿನ್ನ ಮಗಳು ಉಣ್ಣುತ್ತಾಳೆ. ಇಬ್ಬರ ಊಟ ಉಣ್ಣುತ್ತಾಳೆ. ಪಾತ್ರೆ ತೊಳೆಯುತ್ತಾಳೆ, ಆದರೆ ತೊಳೆಯುವಾಗ ಸೂತ್ರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ, ನನಗೆ ತಲೆನೋವು. ಕೆಮಿಸ್ಟ್ರಿ ಮೇಡಂ ದಾರಿಯಲ್ಲಿ ಸಿಕ್ಕಿ, "ಈ ಹುಡುಗೀನ ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದು ಕೇಳಿದರು. ಪರಿಚಯದವರ ಮಗಳು ಅಂದೆ. ಅರ್ಜಿಯಲ್ಲೂ ಪೋಷಕರ ಜಾಗದಲ್ಲಿ 'ಪರಿಚಯದವರು' ಎಂದೇ ಬರೆದಿದ್ದು. ನಮ್ಮವಳು ಅಂದರೆ ಅಕ್ಕಪಕ್ಕದವರಿಗೆ ನೂರು ಉತ್ತರ ಹೇಳಬೇಕು.

ಜೂರಕಾನ್


ಬಿಷ್ಕೆಕ್
ಜುಲೈ 18, 2006

ಕನಿಶಾಯ್!

ಸುಯುಂಚು! ಸುಯುಂಚು! ಒಳ್ಳೆಯ ಸುದ್ದಿ ತಂದವಳಿಗೆ ಏನು ಉಡುಗೊರೆ ಕೊಡುತ್ತೀಯೋ ಮೊದಲು ಹೇಳು. ನಮ್ಮ ಎರ್ಮೆಕ್‌ಗೆ ಮೆಡಿಕಲ್ ಸೀಟು ಸಿಕ್ಕಿತು! ಬೆಟ್ಟದ ಪಾಲಿನ ಸೀಟು. ಅತ್ತೆಗೆ ಹೇಳು, ಅವರ ಮಗ ಡಾಕ್ಟರಾಗುತ್ತಾನೆ. ಒಂದು ಕುರಿ ಕೊಯ್ಯಿರಿ, ಊರಿಗೆಲ್ಲ ಊಟ ಹಾಕಿ.

ಚೋಲ್ಪೋನ್ ಪಾಪ, ಕೈಲಾದಷ್ಟು ಬರೆದಳು. ಸೀಟಾಗಲಿಲ್ಲ. ನಾಳಿನ ಗಾಡಿಗೆ ಹತ್ತಿಸುತ್ತೇನೆ.

ಜೂರಕಾನ್


ತೆರೆಕ್-ಬುಲಾಕ್
ಜುಲೈ 25, 2006

ಅಕ್ಕಾ,

ಚೋಲ್ಪೋನ್‌ಗೆ ಎರ್ಮೆಕ್‌ಗಿಂತ ಹದಿನೇಳು ಅಂಕ ಹೆಚ್ಚು. ಅದನ್ನೇಕೆ ಬರೆಯಲಿಲ್ಲ ನೀವು?

ಹೆಡ್‌ಮಾಸ್ಟರು ನಮ್ಮ ಅಂಗಳದಲ್ಲಿ ನಿಂತು ತಲೆ ಚಚ್ಚಿಕೊಂಡರು. "ಅಯ್ಯೋ ಹುಚ್ಚಿ, ನಗರದ ಶಾಲೇಲಿ ಮುಗ್ಸಿದ್ರೆ ನಗರದ ಮಕ್ಕಳ ಜೊತೆ ಲೆಕ್ಕ ಕಣಮ್ಮಾ. ಇಲ್ಲೇ ಇದ್ದಿದ್ರೆ ಈ ಅಂಕಕ್ಕೆ ಬೆಟ್ಟದ ಸೀಟು ಇವಳ್ದೇ ಆಗ್ತಿತ್ತು. ಡಾಕ್ಟರ್ ಓದ್ತಾಳೆ ಅಂತ ಆಗ್ಲೇ ನಂಗ್ ಹೇಳಿದ್ರೆ ತಡೀತಿದ್ದೆ. ಯಾಕ್ ಕಳಿಸ್ದೆ?" ಅಂದರು. ಒಳ್ಳೆಯ ಶಾಲೆ ಎಂದು ಕಳಿಸಿದೆ ಅಂದೆ. ಬೆಟ್ಟದಲ್ಲಿ ಹುಟ್ಟಿದವಳು, ಎಲ್ಲಿ ಓದಿದರೂ ಬೆಟ್ಟದ ಲೆಕ್ಕವೇ ಅಂದುಕೊಂಡಿದ್ದೆ.

ನಿಮಗೆ ಗೊತ್ತಿತ್ತು. ಹೆಸರು ಪೂರ್ತಿ ತೆಗೆಸು, ಅರ್ಧಂಬರ್ಧ ಬೇಡ ಎಂದಿರಲ್ಲ, ಆಗಲೇ ಗೊತ್ತಿತ್ತು ನಿಮಗೆ. ನನ್ನ ಮಗಳನ್ನು ಆ ಸೀಟಿನ ದಾರಿಯಿಂದ ನನ್ನ ಕೈಯಲ್ಲೇ ಎಬ್ಬಿಸಿದಿರಿ. ಥೂ, ನಿಮ್ಮ ಜನ್ಮಕ್ಕಿಷ್ಟು.

ಕನಿಶಾಯ್


ಬಿಷ್ಕೆಕ್
ಜುಲೈ 29, 2006

ಕನಿಶಾಯ್,

ಗೊತ್ತಿತ್ತು. ಗೊತ್ತಿಲ್ಲದೆ ಇರಲು ನಾನೇನು ದಡ್ಡಿಯೇ? ಹೇಗೆ ಲೆಕ್ಕ ಹಾಕುತ್ತಾರೆಂದು ನನ್ನ ಕಾಗದದಲ್ಲೇ ಬರೆದಿದ್ದೆ, ನೀನು ಜಗಳದ ಸಾಲುಗಳನ್ನು ಮಾತ್ರ ಓದಿಕೊಂಡೆ. ನಗರದ ಶಾಲೆ, ನಗರದ ಶಾಲೆ ಎಂದು ಎರಡು ವರ್ಷ ಪ್ರಾಣ ತಿಂದವಳು ನೀನು. ಬೇಕು ಅಂದೆ, ಕೊಟ್ಟೆ.

ಇನ್ನೊಂದು ಹೇಳುತ್ತೇನೆ, ಕೇಳು. ಅವಳಿಗೆ ಆ ಅಂಕ ಬಂದದ್ದು ನನ್ನ ಅಡುಗೆಮನೆಯಲ್ಲಿ ಕೂತು ಓದಿದ್ದಕ್ಕೆ, ಈ ಶಾಲೆಯ ಮೇಡಂ ಕಲಿಸಿದ್ದಕ್ಕೆ. ನಿಮ್ಮ ಆಟದ ಮೇಷ್ಟ್ರ ಹತ್ತಿರವೇ ಇದ್ದಿದ್ದರೆ ಅರ್ಧವೂ ಬರುತ್ತಿರಲಿಲ್ಲ. ಬೆಟ್ಟದಲ್ಲಿ ಸೀಟಿದೆ, ಪಾಠ ಇಲ್ಲ. ಇಲ್ಲಿ ಪಾಠ ಇದೆ, ಸೀಟಿಲ್ಲ. ಎರಡನ್ನೂ ಹಿಡಿಯುವ ಶಕ್ತಿ ನನಗಿತ್ತು, ಹಿಡಿದೆ. ಶಕ್ತಿ ಇದ್ದಿದ್ದರೆ ನಿನ್ನ ಮಗಳಿಗಾಗಿ ನೀನೂ ಅದನ್ನೇ ಮಾಡುತ್ತಿದ್ದೆ. ಇನ್ನು ಬರೆಯಬೇಡ.

ಜೂರಕಾನ್


ತೆರೆಕ್-ಬುಲಾಕ್
ಆಗಸ್ಟ್ 20, 2006

ಜೂರಕಾನ್,

ಹೌದು, ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಅಕ್ಕ ಎಂದು ಕರೆಯುವುದು ನನ್ನಿಂದ ಇನ್ನು ಆಗುವುದಿಲ್ಲ.

ಸುಯುಂಚು ಕೇಳಿದ್ದೆಯಲ್ಲ, ಕಳಿಸುತ್ತಿದ್ದೇನೆ. ಚೋಲ್ಪೋನ್ ನಾಡಿದ್ದು ಮುಕಾಶ್ ಗಾಡಿಯಲ್ಲಿ ಹಾಸಿಗೆ ಸಮೇತ ಬರುತ್ತಾಳೆ. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೆಯುತ್ತಾಳೆ, ನಿನ್ನ ಅಡುಗೆಮನೆಯಲ್ಲೇ ಕೂತು, ಅದೇ ಮೇಡಂ ಹತ್ತಿರ ಪಾಠ ಹೇಳಿಸಿಕೊಂಡು. ಆಗದಿದ್ದರೆ ಅದರ ಮುಂದಿನ ವರ್ಷ. ಅವಳ ಸರ್ಟಿಫಿಕೇಟಿಗೆ ನಗರದ ಮುದ್ರೆ ಬಿದ್ದಾಯಿತು, ಇನ್ನು ನಗರದವರ ಜೊತೆಯೇ ಬಡಿದಾಡಬೇಕು. ಬಡಿದಾಡುತ್ತಾಳೆ.

ಇಲ್ಲ ಅನ್ನಬೇಡ. ಬೆಟ್ಟದ ಸೀಟು ಸಿಕ್ಕಿದ ಮಕ್ಕಳು ನಿಜವಾಗಿ ಬೆಟ್ಟದಲ್ಲಿ ಇದ್ದರೋ ಇಲ್ಲವೋ ಎಂದು ವಿಚಾರಿಸಲು ಜನ ಬರುತ್ತಾರೆಂದು ಹೆಡ್‌ಮಾಸ್ಟರಿಗೆ ಕಾಗದ ಬಂದಿದೆ, ಅವರಿಗೆ ನಿದ್ದೆಯಿಲ್ಲ. ಅತ್ತೆ ಅಂದದ್ದು ಇಷ್ಟು: "ನಮ್ ಹುಡುಗೀಗೆ ಅವ್ಳು ಬಾಗ್ಲು ತೆಗೆದ್ರೆ, ಎರ್ಮೆಕ್ ನನ್ ಪಕ್ದಲ್ಲೇ ಮಲಗಿದ್ದ ಅಂತೀನಿ. ತೆಗೀದೇ ಇದ್ರೆ, ಆ ಹಾಸಿಗೆ ಒಂದಿನಾನೂ ಸುಕ್ಕಾಗಿಲ್ಲ ಅಂತ ತೋರಿಸ್ತೀನಿ." ಎಂದೂ ಸುಳ್ಳು ಹೇಳದ ಮುದುಕಿಯಿಂದ ಇಷ್ಟು ಹೇಳಿಸಿದವಳು ನೀನು.

ಪದ್ಧತಿಯ ಪ್ರಕಾರ ಪಂಚಾಯ್ತಿ ಕಟ್ಟೆಯಲ್ಲಿ ಹಿರಿಯರನ್ನು ಕೂರಿಸಿ ಹುಡುಗಿಯನ್ನು ನಿಮಗೆ ಮಗಳಾಗಿ ಕೊಟ್ಟಿದ್ದೇವೆ. ನಮ್ಮವರು ಹುಲ್ಲುಗಾವಲಿನಿಂದ ಇಳಿದು ಬಂದಿದ್ದರು, ತಲೆ ಎತ್ತದೆ ರುಜು ಹಾಕಿದರು. ಕಾಗದ ಬರೆದದ್ದು ನಾನು. ಈ ಸಲ ಖಾಲಿ ಬಿಡಲಿಲ್ಲ. ತಂದೆ: ಸಪಾರ್‌ಬೆಕ್. ತಾಯಿ: ಜೂರಕಾನ್. ಭಾವನ ಹೆಸರು ಬರೆಯಲು ಹೊತ್ತು ಹಿಡಿಯುತ್ತದೆ ಅಂದುಕೊಂಡಿದ್ದೆ. ಹೊತ್ತು ಹಿಡಿದದ್ದು ಅದರ ಮುಂದಿನ ಸಾಲಿಗೆ.

ನಿನ್ನನ್ನು ಅಮ್ಮ ಎಂದು ಕರೆಯಲು ಅವಳಿಗೆ ಹೇಳಿಕೊಟ್ಟಿದ್ದೇನೆ. ಮೊದಲು ಒಪ್ಪಲಿಲ್ಲ. "ಅಮ್ಮಾ, ನಾನ್ ಕರೆಯಲ್ಲ" ಅಂದಳು. "ಅಮ್ಮ ಅಲ್ಲ, ಚಿಕ್ಕಮ್ಮ ಅನ್ನು" ಅಂದೆ. ನಿನ್ನೆ ನೀರಿನ ಕೊಡ ಇಳಿಸುತ್ತಾ ನನ್ನನ್ನು ಹಾಗೇ ಕರೆದಳು. ಒಲೆಯ ಹತ್ತಿರ ನಿಂತು ನಗುವುದಕ್ಕೆ ನೀನಿರಲಿಲ್ಲ. ಈಗ ನಕ್ಕುಬಿಡು.

ಗಾಡಿ ಬೆಳಿಗ್ಗೆಯೇ ಬಂದು ತಲುಪುತ್ತದೆ. ಸರಪಳಿ ತೆಗೆ. ಮೊದಲು ರೊಟ್ಟಿ ಮುರಿಸು, ದಾರಿಯಲ್ಲಿ ಅವಳು ಏನೂ ತಿನ್ನುವುದಿಲ್ಲ, ವಾಂತಿಯಾಗುತ್ತದೆ.

ಚೋಲ್ಪೋನ್‌ಳ ಚಿಕ್ಕಮ್ಮ
ಕನಿಶಾಯ್